ರ‍್ಯಾಮ್ ಬಂಗಾರ ಅಲ್ಲ ಗುರು, ಟೊಮ್ಯಾಟೊ

1/7
"ರ‍್ಯಾಮ್ ಈಗ ಹೊಸ ಬಂಗಾರ, ಈಗ್ಲೇ ತಗೊಂಡ್ಬಿಡಿ, ಆಮೇಲೆ ಸಿಗಲ್ಲ." ಯಾವ ರೀಲ್ ತೆಗೆದ್ರೂ ಇದೇ ಗಲಾಟೆ. ನಮ್ಮ ಕ್ಲಾಸ್‌ನಲ್ಲೇ ಇಬ್ಬರು ಇಎಂಐ ಮೇಲೆ 32 ಜಿಬಿ ಹಾಕಿಸೋಕೆ ಹೊರಟಿದ್ದಾರೆ. ಇನ್ನೊಬ್ಬ ನಾಲ್ಕು ಸ್ಟಿಕ್ ತಗೊಂಡು ಇಟ್ಕೊಂಡು, ರೇಟ್ ಏರಿದ ಮೇಲೆ ಮಾರ್ತಾನಂತೆ. ಬಿಕಾಂ ಓದೋ ನಾವೇ ಲೆಕ್ಕ ಹಾಕದೆ ದುಡ್ಡು ಬಿಚ್ಚಿದ್ರೆ ಹೇಗೆ? ನಾನು ಹೇಳೋದು ಒಂದೇ ಮಾತು. ಈ ಸೆಮಿಸ್ಟರ್‌ನ ಕೆಲಸ ನಿಂತಿದ್ರೆ ಇವತ್ತೇ ತಗೊಳ್ಳಿ. ನಿಂತಿಲ್ಲ ಅಂದ್ರೆ ಒಂದು ರೂಪಾಯಿನೂ ಹಾಕಬೇಡಿ. ಪೂರ್ತಿ ಓದಿ, ಆಮೇಲೆ ಕಾಮೆಂಟ್‌ನಲ್ಲಿ ಜಗಳ ಆಡೋಣ 👇

2/7
ರೇಟ್ ಏರಿರೋದು ಸುಳ್ಳಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಷ್ಟೋ ಸ್ಟಿಕ್‌ಗಳ ಬೆಲೆ ಎರಡು-ಮೂರು ಪಟ್ಟಾಯ್ತು. ಕಾರಣ ಎಐ ಡೇಟಾ ಸೆಂಟರ್‌ಗಳು. ಅವಕ್ಕೆ ಬೇಕಿರೋದು ಹೆಚ್‌ಬಿಎಂ ಅನ್ನೋ ಮೆಮೊರಿ. ಅಷ್ಟೇ ಜಿಬಿ ಡಿಡಿಆರ್5 ಮಾಡೋಕೆ ಹಿಡಿಯೋದಕ್ಕಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ವೇಫರ್ ಇದಕ್ಕೆ ಬೇಕು. ಲಾಭವೂ ಅದರಲ್ಲೇ ಜಾಸ್ತಿ. ಇಡೀ ಪ್ರಪಂಚದ ಡಿರ‍್ಯಾಮ್‌ನ ಬಹುಪಾಲು ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಕನಾಮಿಕ್ಸ್ ಪೇಪರ್‌ನಲ್ಲಿ ಆಲಿಗೋಪಲಿ ಅಂತ ಐದು ಮಾರ್ಕ್ಸ್‌ಗೆ ಬರೀತೀವಲ್ಲ, ಅದೇ ಇದು. 2025ರ ಡಿಸೆಂಬರ್ 3ರಂದು ಮೈಕ್ರಾನ್, ನಮ್ಮಂಥವರು ತಗೊಳ್ತಿದ್ದ ಕ್ರೂಷಿಯಲ್ ಬ್ರಾಂಡ್ ವ್ಯಾಪಾರದಿಂದಲೇ ಹೊರಗೆ ಹೋಗ್ತೀವಿ ಅಂತ ಘೋಷಿಸಿತು. ಅಂದ್ರೆ ಕ್ಯೂನಲ್ಲಿ ಕೊನೆಯವರು ನಾವೇ.

3/7
ಆದ್ರೂ ಇದು ಬಂಗಾರ ಅಲ್ಲ. ಅಜ್ಜಿಯ ಸರ ಐವತ್ತು ವರ್ಷ ಆದ್ರೂ ಬಂಗಾರವೇ. ಡಿಡಿಆರ್3 ಸ್ಟಿಕ್‌ನ ಇವತ್ತು ಯಾರು ಕೇಳ್ತಾರೆ? ಡಿಡಿಆರ್4 ಕೂಡ ಅದೇ ದಾರಿ ಹಿಡಿದಿದೆ. ಮೆಮೊರಿ ರೇಟ್ ಏರೋದು, ಬೀಳೋದು ಹೊಸದೂ ಅಲ್ಲ. 2017-18ರಲ್ಲಿ ಏರಿತ್ತು, 2019ರಲ್ಲಿ ಬಿತ್ತು. 2023ರಲ್ಲಿ ಎಷ್ಟು ಬಿದ್ದಿತ್ತು ಅಂದ್ರೆ ಸ್ಯಾಮ್‌ಸಂಗ್‌ನ ಚಿಪ್ ವಿಭಾಗವೇ ನಷ್ಟಕ್ಕೆ ಹೋಗಿ ಉತ್ಪಾದನೆ ಕಡಿಮೆ ಮಾಡಿತು.

ಅದೇ 2023ರ ಜುಲೈ ನೆನಪಿಸಿಕೊಳ್ಳಿ. ಟೊಮ್ಯಾಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಆಗ ಕೆ.ಆರ್.ಪುರಂ ಸಂತೆಯಿಂದ ಯಾರ ಅಮ್ಮನಾದ್ರೂ ನಾಲ್ಕು ಕ್ರೇಟ್ ತಂದು ಮಂಚದ ಕೆಳಗೆ ಇಟ್ರಾ? ಸಾರಿಗೆ ಬೇಕಾದಷ್ಟು, ಕಾಲು ಕೆಜಿ ತಂದ್ರು. ಸೆಪ್ಟೆಂಬರ್ ಹೊತ್ತಿಗೆ ರೇಟ್ ನೆಲ ಕಚ್ಚಿತ್ತು. ಸ್ಟಾಕ್ ಮಾಡಿ ಮಾರ್ತೀನಿ ಅನ್ನೋ ಗೆಳೆಯನಿಗೆ ನನ್ನ ಪ್ರಶ್ನೆ ಇಷ್ಟೇ: ಆ ಕಾಲು ಕೆಜಿ ಬುದ್ಧಿ ನಿನಗೆ ಯಾಕಿಲ್ಲ?

4/7
ಇನ್ನೊಂದು ಗುಂಪು ಇದೆ. "ಸುಮ್ನೆ ಕಾಯಿ, ಮುಂದಿನ ತಿಂಗಳು ಇಳಿಯುತ್ತೆ." ಇವರೂ ತಪ್ಪೇ. ಟೊಮ್ಯಾಟೊ ಗಿಡ ಮೂರು ತಿಂಗಳಲ್ಲಿ ಫಸಲು ಕೊಡುತ್ತೆ. ಚಿಪ್ ಫ್ಯಾಕ್ಟರಿ ಕಟ್ಟೋಕೆ ವರ್ಷಗಳು ಬೇಕು. ಐಡಾಹೊದ ಹೊಸ ಫ್ಯಾಕ್ಟರಿಯಲ್ಲಿ ವೇಫರ್ ಶುರುವಾಗೋದೇ 2027ರಲ್ಲಿ ಅಂತ ಮೈಕ್ರಾನೇ ಹೇಳಿದೆ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಅಲ್ಲೀವರೆಗೆ ಕಾಯುತ್ತಾ? 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ತೆಗೆದ್ರೆ ಟ್ಯಾಲಿ ಸ್ಟ್ರಕ್ ಆಗ್ತಿದೆ, ಆನ್‌ಲೈನ್ ಇಂಟರ್ನ್‌ಶಿಪ್ ಕಾಲ್ ಮಧ್ಯದಲ್ಲೇ ಕಟ್ ಆಗ್ತಿದೆ ಅಂದ್ರೆ ಅದೂ ನಷ್ಟವೇ. ಬಿಲ್‌ನಲ್ಲಿ ಕಾಣಲ್ಲ, ಅಷ್ಟೇ. ಅಂಥವರು ದುಬಾರಿ ಅಂತ ಗೊಣಗಿಕೊಂಡಾದ್ರೂ ಈಗಲೇ ಹಾಕಿಸ್ಕೊಳ್ಳಿ.

5/7
ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ. ಒಂದು ಸ್ಟಿಕ್ 5,000 ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿ 5,900. ವ್ಯವಹಾರಕ್ಕೆ ಅಂತ ಕಂಪನಿ ತಗೊಂಡ್ರೆ ಆ 900ಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತೆ. ಉಳಿದಿದ್ದಕ್ಕೆ ಕಂಪ್ಯೂಟರ್ ಲೆಕ್ಕದಲ್ಲಿ ವರ್ಷಕ್ಕೆ 40% ಡಿಪ್ರಿಸಿಯೇಷನ್ ತೋರಿಸಬಹುದು. ಅದೇ ಸ್ಟಿಕ್ ಹಲಸೂರಿನ ಒಬ್ಬ ಸ್ಟೂಡೆಂಟ್ ತಗೊಂಡ್ರೆ? 5,900 ಪೂರ್ತಿ ಅಪ್ಪನ ಜೇಬಿಂದ. ಕ್ರೆಡಿಟ್ಟೂ ಇಲ್ಲ, ಡಿಪ್ರಿಸಿಯೇಷನ್ನೂ ಇಲ್ಲ. ಅವರು ಭಯದಲ್ಲಿ ಜಾಸ್ತಿ ಕೊಂಡ್ರೂ ತಡ್ಕೊಳ್ತಾರೆ. ನಾವು ಭಯದಲ್ಲಿ ಕೊಂಡ್ರೆ ಮುಂದಿನ ಸೆಮ್ ಫೀಸ್‌ಗೆ ಕೈ ಬೀಳುತ್ತೆ. ಓದೋಕೆ ಬೇಕಾದ ವಸ್ತುವಿನ ಮೇಲೆ ವಿದ್ಯಾರ್ಥಿಗೆ ಒಂದು ರಿಯಾಯಿತಿ ಯಾಕಿಲ್ಲ ಅಂತ ಕೇಳಬೇಕಾದವರು ನಾವೇ. ಕೇಳೋದು ಬಿಟ್ಟು ರೀಲ್ ನೋಡಿ ಓಡ್ತಿದ್ದೀವಿ.

6/7
ಸೇವ್ ಮಾಡ್ಕೊಳ್ಳಿ 📌
✅ ನಿಮ್ಮ ಮಾಮೂಲಿ ಕೆಲಸ ಎಲ್ಲಾ ಓಪನ್ ಇಟ್ಟು ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಯಾವಾಗ್ಲೂ 90% ಆಸುಪಾಸು ಇದ್ರೆ ಮಾತ್ರ ರ‍್ಯಾಮ್ ಸಮಸ್ಯೆ.
✅ ಅಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತಾನೂ ಇರುತ್ತೆ. ಖಾಲಿ ಸ್ಲಾಟ್ ಇದ್ರೆ ಒಂದು 4 ಅಥವಾ 8 ಜಿಬಿ ಸ್ಟಿಕ್ ಸೇರಿಸಿ. ಹಳೇದು ಬಿಸಾಡಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಮೊದಲು ತಿಳ್ಕೊಳ್ಳಿ.
✅ ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರಲ್ಲ.
✅ ಟ್ಯಾಲಿ, ಎಕ್ಸೆಲ್, ಬ್ರೌಸರ್, ಕ್ಲಾಸ್ ನೋಟ್ಸ್: 8 ಜಿಬಿಯಲ್ಲಿ ನಡೆಯುತ್ತೆ. ವಿಡಿಯೋ ಎಡಿಟಿಂಗ್ ಮಾಡಿ ದುಡಿಯೋರಿಗೆ 16. ರೀಲ್‌ನವರು ಹೇಳಿದ್ರು ಅಂತ 32 ಬೇಡ.
✅ ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ. ಅಂಗಡಿಯಲ್ಲೇ ಹಾಕಿಸಿ, ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಆಮೇಲೆ ದುಡ್ಡು ಕೊಡಿ.
❌ ಇಎಂಐ ಬೇಡ. ಸಾಮಾನಿನ ರೇಟ್ ಇಳಿದ್ರೂ ಕಂತು ಇಳಿಯಲ್ಲ.

7/7
ತಗೊಳ್ಳಲೇಬೇಕು ಅಂದ್ರೆ ಇಂದಿರಾನಗರದ ಶೋರೂಮ್‌ನಲ್ಲಿ ಒಂದೇ ರೇಟ್ ಕೇಳಿ ಮುಗಿಸಬೇಡಿ. ಹಲಸೂರಲ್ಲಿ ಪರ್ಪಲ್ ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್‌ಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡ್‌ಗೆ ನಡೀರಿ. ಮೂರು ಅಂಗಡಿ ಕೇಳಿ. ಶಿವಾಜಿನಗರದಲ್ಲಿ ಗೊತ್ತಿರೋ ರಿಪೇರಿಯವರಿದ್ರೆ ಅವರನ್ನೂ ಕೇಳಿ. ಜಿಎಸ್‌ಟಿ ಬಿಲ್ ಬಿಡಬೇಡಿ, ವಾರಂಟಿಗೆ ಬೇಕು. "ಹಳೇ ಸ್ಟಾಕ್‌ಗೂ ಹೊಸ ರೇಟಾ" ಅಂತ ಅಂಗಡಿ ಅಣ್ಣನ ಮೇಲೆ ರೇಗಬೇಡಿ. ನಾಳೆ ಅವರು ತರಬೇಕಿರೋದೂ ಹೊಸ ರೇಟ್‌ನಲ್ಲೇ. ಮೂರು ಕಂಪನಿ ಮಾಡಿದ ಕೆಲಸಕ್ಕೆ ಅವರು ಬೈಸಿಕೊಳ್ಳೋದು ನ್ಯಾಯ ಅಲ್ಲ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಜಿಬಿ ಇದೆ, ಯಾವ ಕೆಲಸ ನಿಂತಿದೆ, ಕಾಮೆಂಟ್‌ನಲ್ಲಿ ಹಾಕಿ. ಬೇಕಾ ಬೇಡ್ವಾ ಒಟ್ಟಿಗೇ ಲೆಕ್ಕ ಹಾಕೋಣ. ಇಎಂಐಗೆ ಹೊರಟಿರೋ ಗೆಳೆಯನಿಗೆ ಇದನ್ನ ಇವತ್ತೇ ಕಳ್ಸಿ 🙏

#ಕಾಲುಕೆಜಿಬುದ್ಧಿ #ರ‍್ಯಾಮ್‌ರೇಟ್ #ಬಿಕಾಂಲೆಕ್ಕ #ನಮ್ಮಬೆಂಗಳೂರು