ಪಾತ್ರಧಾರಿಗಳು ಬೇಕಾಗಿದ್ದಾರೆ

ಊರಲ್ಲಿ ಒಂದು ಆಟ ಆಡಿಸಬೇಕೆಂದು ನಿಶ್ಚಯಿಸುವುದಕ್ಕೆ ಒಂದು ಸಾಯಂಕಾಲ ಸಾಕು. ಚಾವಡಿಯ ಕಟ್ಟೆಯ ಮೇಲೆ ಹತ್ತು ಜನ ಕೂಡಿದರೆಂದರೆ ಕಥೆ ಗೊತ್ತಾಗುತ್ತದೆ, ಮನೆಗೆಷ್ಟು ಪಟ್ಟಿ ಎತ್ತಬೇಕೆಂಬುದು ಗೊತ್ತಾಗುತ್ತದೆ, ಮೈಕು ಯಾರದೆಂಬುದೂ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಒಂದೇ ವಿಷಯ. ಆಡುವವರು ಯಾರು? ಕಟ್ಟೆಯ ಮೇಲೆ ಕೈಯೆತ್ತಿದವರಲ್ಲಿ ಜಾತ್ರೆಯ ರಾತ್ರಿ ಬಣ್ಣ ಹಚ್ಚಿಸಿಕೊಳ್ಳಲು ಕೂಡುವವರು ಎಷ್ಟು ಮಂದಿ? ಜತ್ತ ತಾಲೂಕಿನ ನಮ್ಮ ಕನ್ನಡ ಹಳ್ಳಿಗಳಲ್ಲಿ ದೊಡ್ಡಾಟವನ್ನೋ ಪಾರಿಜಾತವನ್ನೋ ಸಾಮಾಜಿಕ ನಾಟಕವನ್ನೋ ಒಮ್ಮೆಯಾದರೂ ಆಡಿಸಿದವರಿಗೆ ಈ ಪ್ರಶ್ನೆಯ ಭಾರ ತಿಳಿದಿದೆ.

ಈ ತಿಂಗಳು ಈ ಮಾತನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ನಮ್ಮ ಶಾಲೆಯಲ್ಲಿ ಕಲಿತು ಈಗ ಪುಣೆಯಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ತರುಣನೊಬ್ಬನು ನಮಗೆ ಒಂದು ಪತ್ರವನ್ನು ಬರೆದಿದ್ದಾನೆ. 1974ರಲ್ಲಿ ಅಮೇರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವೊಂದನ್ನು ಹೊರತಂದರಂತೆ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂಡುವುದು. ಒಬ್ಬನು ಕಥೆ ನಡೆಸುವುದು. ಉಳಿದವರು ಒಂದೊಂದು ಪಾತ್ರವನ್ನು ಹಿಡಿದು, ಆ ಪಾತ್ರ ಏನು ಮಾಡುತ್ತದೆಂಬುದನ್ನು ಅಲ್ಲಿಯೇ ಹೇಳುವುದು. ಫಲ ಸಂದೇಹವಾದಾಗ ದಾಳ ಉರುಳಿಸುವುದು. ಆ ದಾಳಗಳಲ್ಲಿ ಇಪ್ಪತ್ತು ಮುಖದ್ದೂ ಒಂದಿದೆ. ಈಗ ಮೇಜೂ ಬೇಕಿಲ್ಲ. ಇವನು ಪುಣೆಯಲ್ಲಿ, ಒಬ್ಬ ವಿಜಾಪುರದಲ್ಲಿ, ಇಬ್ಬರು ಮುಂಬಯಿಯಲ್ಲಿ ತಮ್ಮ ತಮ್ಮ ಕೋಣೆಗಳಲ್ಲಿ ಕುಳಿತು ಪರದೆಯ ಮೇಲೆಯೇ ಆಡುತ್ತಾರೆ. ಮೊದಲ ಶನಿವಾರ ಆರು ಜನರಿದ್ದರು, ನಾಲ್ಕನೆಯ ಶನಿವಾರಕ್ಕೆ ಇಬ್ಬರು ಉಳಿದರು. “ಗುರುಗಳೇ, ಆಡುವವರನ್ನು ಹುಡುಕುವುದು ಹೇಗೆ? ಸಿಕ್ಕವರನ್ನು ಉಳಿಸಿಕೊಳ್ಳುವುದು ಹೇಗೆ?” ಎಂದು ಅವನ ಪ್ರಶ್ನೆ.

ಪತ್ರ ಓದಿ ನಮಗೆ ನಗೆ ಬಂದಿತು. ಕಥೆ ನಡೆಸುವ ಆ ಒಬ್ಬನು ನಮ್ಮ ದೊಡ್ಡಾಟದ ಸಾರಥಿಯಲ್ಲದೆ ಮತ್ತಾರು? ರಂಗಕ್ಕೆ ಬಂದ ಪ್ರತಿಯೊಬ್ಬನನ್ನೂ ತಡೆದು, ನೀನು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿ ಮಾತಾಡಿಸುವವನು ಅವನೇ. ಪಾರಿಜಾತದಲ್ಲಿ ಈ ಕೆಲಸವನ್ನು ಭಾಗವತನು ಮಾಡುತ್ತಾನೆ. ದೂತಿಗೂ ಅವನಿಗೂ ನಡೆಯುವ ಮಾತಿನ ಚಕಮಕಿಯಲ್ಲಿ ಬರೆದದ್ದೆಷ್ಟು, ಆ ರಾತ್ರಿ ಹುಟ್ಟಿದ್ದೆಷ್ಟು ಎಂಬುದನ್ನು ಬೇರ್ಪಡಿಸಲಾಗದು. ದಾಳವೊಂದನ್ನು ಬಿಟ್ಟರೆ ಆ ತರುಣನ ಆಟ ನಮಗೆ ಹೊಸತಲ್ಲ. ಅವನ ತೊಂದರೆಯಂತೂ ತೀರ ಹಳೆಯದು.

ಎಷ್ಟು ಹಳೆಯದೆಂಬುದಕ್ಕೆ ನಮ್ಮ ಜಿಲ್ಲೆಯ ಸಾಂಗಲಿಯೇ ಸಾಕ್ಷಿ. ಹೊನ್ನಾವರದ ಕಡೆಯ ಕರ್ಕಿಯ ಮೇಳವೊಂದು ಸಾಂಗಲಿಗೆ ಬಂದು ಆಡಿದ್ದನ್ನು ಕಂಡು, ಅಂಥ ಆಟ ಮರಾಠಿಯಲ್ಲಿಯೂ ಆಗಬೇಕೆಂದು ಅರಸ ಚಿಂತಾಮಣರಾವ ಪಟವರ್ಧನರು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗವೇರಿತು. ಮರಾಠಿ ರಂಗಭೂಮಿಯ ಮೊದಲ ದೀಪವನ್ನು ಕನ್ನಡ ನಾಡಿನ ಮೇಳದ ದೀಪದಿಂದ ಹಚ್ಚಲಾಯಿತೆಂಬುದು ಗಡಿಯವರಾದ ನಮಗೆ ಸಂತೋಷದ ಸಂಗತಿ. ಆದರೆ 1851ರಲ್ಲಿ ಅರಸರು ತೀರಿಕೊಂಡೊಡನೆ ಆಶ್ರಯ ತಪ್ಪಿತು. ಭಾವೆಯವರು ನಟರನ್ನು ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. 1853ರಲ್ಲಿ ಮುಂಬಯಿಯಲ್ಲಿ ಆಡಿದರು. ನಟನಿಗೆ ಅನ್ನದ ದಾರಿಯಿರುವತನಕ ಮೇಳ ಉಳಿಯುತ್ತದೆ ಎಂಬುದು ಅಂದಿಗೂ ನಿಜ, ಇಂದಿಗೂ ನಿಜ.

ನಮ್ಮ ಕಡೆ ಅನ್ನದ ದಾರಿ ಊರ ಹೊರಗೆ ಹೋಗುತ್ತದೆ. ಜತ್ತ ತಾಲೂಕಿನ ಮಳೆಯ ವಿಷಯ ವಾಚಕರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಮ್ಹೈಸಾಳ ಯೋಜನೆಯ ನೀರು ಕೆಲವು ಹಳ್ಳಿಗಳಿಗೆ ಮುಟ್ಟಿದೆ, ದ್ರಾಕ್ಷಿ ದಾಳಿಂಬೆಯ ತೋಟಗಳು ಎದ್ದಿವೆ. ಆದರೂ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಟೋಳಿಗಳು ಗಾಡಿ ಕಟ್ಟುವುದು ನಿಂತಿಲ್ಲ. ಮುಕಾದಮನ ಕೈಯಿಂದ ಮಳೆಗಾಲದಲ್ಲಿಯೇ ಉಚಲು ಪಡೆದವನು ಕಾರ್ಖಾನೆಯ ಹಂಗಾಮು ಮುಗಿಯುವವರೆಗೆ ತಿರುಗಿ ಬರಲಾರನು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆಂದು ಜನ ನಡೆದು ಬರುವಾಗ ನಮ್ಮ ಭೀಮ ಕೊಲ್ಲಾಪುರದ ಗದ್ದೆಯಲ್ಲಿರುತ್ತಾನೆ, ದುಶ್ಶಾಸನ ಅವನ ಪಕ್ಕದ ಸಾಲಿನಲ್ಲಿರುತ್ತಾನೆ. ಮೂರು ವರ್ಷದ ಕೆಳಗೆ ನಮ್ಮ ಸತ್ಯಭಾಮೆಯ ಪಾತ್ರಧಾರಿ ಆರನೆಯ ತಾಲೀಮಿನ ದಿನ ಬಂದು, “ಮಾತು ಬಾಯಾಗ ಅದಾವ್ರಿ ಮಾಸ್ತರ, ಆದ್ರ ಕೈಯಾಗ ಕೊಯ್ತಾ ಐತ್ರಿ” ಎಂದು ಹೇಳಿ ಹೋದನು. ಅಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ?

ಇನ್ನು ಹುಡುಕುವ ಮಾತು. ಕಂಠ ಚೆನ್ನಾಗಿದ್ದವನನ್ನು ಎಲ್ಲರೂ ಹುಡುಕುತ್ತಾರೆ. ನಾವು ಮೊದಲು ಕಿವಿ ಚೆನ್ನಾಗಿದ್ದವನನ್ನು ಹುಡುಕುತ್ತೇವೆ. ಶ್ರಾವಣದ ಭಜನೆಗೆ ಹೋಗಿ ಮೂಲೆಯಲ್ಲಿ ಕೂಡಬೇಕು. ಹಾಡುವವನನ್ನು ನೋಡಬಾರದು, ಅವನು ಹಾಡುವಾಗ ತಾಳ ಹಿಡಿದವನನ್ನು ನೋಡಬೇಕು. ತನ್ನ ಸರದಿ ಯಾವಾಗ ಬಂದೀತೆಂದು ಕಾಯುವವನು ಒಬ್ಬ. ಮತ್ತೊಬ್ಬನ ದನಿ ಏರಿದಾಗ ತನ್ನ ತಾಳವನ್ನು ತಗ್ಗಿಸುವವನು ಇನ್ನೊಬ್ಬ. ಈ ಎರಡನೆಯವನು ನಮಗೆ ಬೇಕಾದವನು. ಸಾರಥಿ ಮಾತು ಬದಲಿಸಿದರೆ ಅವನು ತಬ್ಬಿಬ್ಬಾಗುವುದಿಲ್ಲ, ಎದುರಿನವನು ಮಾತು ಮರೆತರೆ ಅದನ್ನು ತನ್ನ ಮಾತಿನೊಳಗೆ ಸೇರಿಸಿ ಕೊಡುತ್ತಾನೆ. ಕಂಠವನ್ನು ಎರಡು ತಿಂಗಳಲ್ಲಿ ತಿದ್ದಬಹುದು, ಕಿವಿಯನ್ನು ತಿದ್ದಲು ನಮ್ಮ ಶಿಕ್ಷಕ ತರಬೇತಿಯಲ್ಲಿ ಯಾರೂ ಕಲಿಸಲಿಲ್ಲ.

ಸಿಕ್ಕವನಿಗೆ ಒಮ್ಮೆಲೇ ದೊಡ್ಡ ಪಾತ್ರ ಕೊಡಬಾರದು. ಒಂದು ವರ್ಷ ದ್ವಾರಪಾಲಕನಾಗಲಿ. ದೊಡ್ಡಾಟದಲ್ಲಿ ಪಾತ್ರದ ಖರ್ಚನ್ನು ಪಾತ್ರಧಾರಿಯೇ ವಹಿಸುವ ರೂಢಿ ಹಿಂದಿನಿಂದ ಇದ್ದುದರಿಂದ, ಹೊಲ ಹೆಚ್ಚಿದ್ದವನ ತಲೆಗೆ ಕಿರೀಟವೂ ಹೆಚ್ಚು ತೂಕದ್ದೇ ಬರುತ್ತಿತ್ತು. ಅರ್ಜುನನಿಗಿಂತ ಅವನ ಕುದುರೆ ಚೆನ್ನಾಗಿ ಕುಣಿಯಿತೆಂದು ಜನ ಆಡಿಕೊಂಡದ್ದನ್ನು ಕೇಳಿದ್ದೇವೆ. ಖರ್ಚನ್ನು ಊರ ಪಟ್ಟಿಯಲ್ಲಿ ಸೇರಿಸಿಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಉಳಿಸಿಕೊಳ್ಳುವುದು ಹುಡುಕುವುದಕ್ಕಿಂತ ಕಠಿಣ. ತಾಲೀಮಿನ ವಾರ, ಹೊತ್ತು ಇವು ಬದಲಾಗಬಾರದು. ನಾಲ್ವರೇ ಬಂದರೂ ನಾಲ್ವರ ತಾಲೀಮು ನಡೆಯಬೇಕು. ಬಾರದವನಿಗಾಗಿ ಬಂದವನನ್ನು ಕಾಯಿಸಿದರೆ ಮುಂದಿನ ವಾರ ಬಂದವನೂ ಬರುವುದಿಲ್ಲ. ಪುಣೆಯ ತರುಣನ ಆಟ ಒಡೆದದ್ದು ಇಲ್ಲಿಯೇ ಎಂದು ನಮ್ಮ ತರ್ಕ. ಪ್ರತಿ ವಾರವೂ ಎಲ್ಲರ ಅನುಕೂಲ ಕೇಳಿ ದಿನ ಬದಲಿಸಿದೆನೆಂದು ಅವನೇ ಬರೆದಿದ್ದಾನೆ. ಎರಡನೆಯದಾಗಿ, ಪಾತ್ರ ಎಷ್ಟೇ ಚಿಕ್ಕದಿರಲಿ, ಆ ರಾತ್ರಿ ಜನರ ಕಣ್ಣು ತನ್ನೊಬ್ಬನ ಮೇಲೆ ನಿಲ್ಲುವ ಒಂದು ಕ್ಷಣ ಅವನಿಗೆ ದೊರೆಯಬೇಕು. ನಮ್ಮ ಹಿಂದಿನ ಕವಿಗಳು ಇದನ್ನು ಬಲ್ಲವರಾಗಿದ್ದರು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ಜನರ ಆಟವನ್ನಾಗಿ ಮಾಡಿದ ಆ ಪಾರಿಜಾತವನ್ನೇ ನೋಡಿರಿ: ಕಥೆ ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರದು, ಆದರೆ ಜನ ಮಾರನೆಯ ದಿನ ಬಾವಿಕಟ್ಟೆಯಲ್ಲಿ ಆಡಿಕೊಳ್ಳುವುದು ದೂತಿಯ ಮಾತನ್ನು, ಕೊರವಂಜಿಯ ಮಾತನ್ನು.

ಎಲ್ಲರನ್ನೂ ಉಳಿಸಿಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಕುಡಿದು ಬರುವವನನ್ನೂ, ಚಿಕ್ಕ ಪಾತ್ರದವರನ್ನು ಹಂಗಿಸುವವನನ್ನೂ ಎಷ್ಟು ಬೇಗ ಬೀಳ್ಕೊಟ್ಟರೆ ಅಷ್ಟು ಒಳ್ಳೆಯದು. ಅವನ ಕಂಠಕ್ಕಾಗಿ ತಾಳಿಕೊಂಡರೆ ಕಂಠವಿಲ್ಲದ ಮೂವರು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಸಾಮಾಜಿಕ ನಾಟಕಗಳಿಗೆ ದೂರದ ಪಟ್ಟಣಗಳಿಂದ ಕರೆಸುವ ವೃತ್ತಿ ಕಲಾವಿದೆಯರನ್ನು ನೋಡಿ ನಮ್ಮ ಹುಡುಗರು ಕಲಿಯಲಿ. ಬಸ್ಸಿಳಿದು ಬಂದು, ಇಡೀ ಊರು ದಿಟ್ಟಿಸುತ್ತಿರುವಾಗ ಒಂದು ಸಂಜೆಯ ತಾಲೀಮಿನಲ್ಲಿ ಎದುರಿನವರ ಲೋಪಗಳನ್ನೆಲ್ಲ ಅರಿತುಕೊಂಡು, ರಾತ್ರಿ ಅವನ್ನು ಮುಚ್ಚಿ ನಡೆಸುತ್ತಾರೆ. ಅವರ ಬಗ್ಗೆ ಹಗುರಾಗಿ ಮಾತಾಡುವ ಹಿರಿಯರಿದ್ದಾರೆ. ಅವರಲ್ಲಿ ಯಾರೂ ಆ ಕೆಲಸದ ಕಾಲುಭಾಗವನ್ನು ಮಾಡಲಾರರು.

ಎರಡು ವರ್ಷದಿಂದ ನಾವು ತರುಣನ ಮಾರ್ಗವನ್ನೇ ಹಿಡಿದಿದ್ದೇವೆ. ಕಬ್ಬಿನ ಗದ್ದೆಯಲ್ಲಿರುವ ಪಾತ್ರಧಾರಿಗಳನ್ನು ಬುಧವಾರ ರಾತ್ರಿ ಮೊಬೈಲಿನ ಪರದೆಯ ಮೇಲೆ ಕೂಡಿಸುತ್ತೇವೆ. ಹಾಡು ಸಾಗುವುದಿಲ್ಲ, ಇಲ್ಲಿ ಬಿದ್ದ ಮದ್ದಳೆಯ ಪೆಟ್ಟು ಅಲ್ಲಿ ಕ್ಷಣ ತಡವಾಗಿ ಕೇಳುವುದರಿಂದ ತಾಳ ಕೂಡುವುದು ಅಸಾಧ್ಯ. ಮಾತು ಮಾತ್ರ ಸಾಗುತ್ತದೆ. ಗುಡಿಸಲಿನ ಮುಂದೆ ಕುಳಿತು, ಹಿಂದೆ ಎತ್ತು ಗಂಟೆಯಾಡಿಸುತ್ತಿರುವಾಗ, ದಣಿದ ದನಿಯಲ್ಲಿ ಭೀಮ ತನ್ನ ಪ್ರತಿಜ್ಞೆಯನ್ನು ಒಪ್ಪಿಸುತ್ತಾನೆ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ನಸುಕಿನಲ್ಲೇ ಅವನು ಗದ್ದೆಗಿಳಿಯಬೇಕು.

ಇಷ್ಟೆಲ್ಲ ಏಕೆಂದು ಕೆಲವರು ಕೇಳುತ್ತಾರೆ. ನಮ್ಮ ಮೇಳದ ಇಪ್ಪತ್ತರ ಹುಡುಗನೊಬ್ಬನು ಮರಾಠಿ ಶಾಲೆಯಲ್ಲಿ ಕಲಿತವನು. ಮನೆಮಾತು ಕನ್ನಡ, ಅಕ್ಷರ ಬಾರದು. ತನ್ನ ಮಾತುಗಳನ್ನೆಲ್ಲ ಬಾಲಬೋಧ ಲಿಪಿಯಲ್ಲಿ ಬರೆದುಕೊಂಡಿದ್ದನು. ಆ ಲಿಪಿಯಲ್ಲಿ ನಮ್ಮ ಹ್ರಸ್ವ ಒಕಾರಕ್ಕೆ ಗುರುತಿಲ್ಲವಾದ್ದರಿಂದ, “ತಾಯೇ, ವರ ಕೊಡು” ಎನ್ನಬೇಕಾದಲ್ಲಿ “ಕೋಡು” ಎಂದು ಓದಿದನು. ಎಲ್ಲರೂ ನಕ್ಕರು, ಅವನೂ ನಕ್ಕನು. ಮರುದಿನ ಶಾಲೆ ಬಿಟ್ಟ ಮೇಲೆ ಒಂದು ಪಾಟಿ ಹಿಡಿದು ನಮ್ಮ ಬಾಗಿಲಿಗೆ ಬಂದು, “ಎಷ್ಟ ದಿನಾ ಬೇಕ್ರಿ ಕಲಿಯಾಕ?” ಎಂದನು. ಮೂವತ್ತನೆಯ ದಿನ ಅವನು ತನ್ನ ಪಾತ್ರವನ್ನು ಕನ್ನಡದಲ್ಲಿಯೇ ಬರೆದುಕೊಂಡನು. ಈ ವರ್ಷ ಅವನಿಗೆ ನಾರದನ ವೇಷ.

ತರುಣನಿಗೆ ಇದನ್ನೆಲ್ಲ ಬರೆದಿದ್ದೇವೆ. ಯುಗಾದಿಗೆ ಊರಿಗೆ ಬಂದಾಗ ಒಂದು ತಾಲೀಮಿಗೆ ಕೂಡಬೇಕೆಂದೂ ಬರೆದಿದ್ದೇವೆ. ಆ ಇಪ್ಪತ್ತು ಮುಖದ ದಾಳವನ್ನು ತರಲಿ, ನಮ್ಮ ಸಾರಥಿಗೆ ಅದನ್ನು ನೋಡುವ ಆಸೆ. ಟೋಳಿಗಳು ತಿರುಗಿ ಬಂದ ಮೇಲೆ ಆಟ. ಕೃಷ್ಣ, ರುಕ್ಮಿಣಿ, ನಾರದ, ದೂತಿ ಸಿದ್ಧರಿದ್ದಾರೆ. ಸತ್ಯಭಾಮೆಗೆ ಈ ಸಲ ಇಬ್ಬರನ್ನು ತಯಾರು ಮಾಡಿದ್ದೇವೆ. ಮದ್ದಳೆಯವನು ಮಾತ್ರ ಇನ್ನೂ ಸಿಕ್ಕಿಲ್ಲ. ಉಮದಿ, ಸಂಖ, ಬಿಳೂರು ಕಡೆಯ ವಾಚಕರಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು. ಊಟ, ಹೋಗಿಬರುವ ಖರ್ಚು ಊರಿನದು.