ಗಸಗಸೆ ಪಾಯಸವೂ ಹೆರಾಯಿನ್ ಪರೀಕ್ಷೆಯೂ

ಕಳೆದ ವರ್ಷ ನಮ್ಮ ದೊಡ್ಡಪ್ಪನ ಮಗನಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಸೇರುವ ಮುನ್ನ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಯ ಸ್ಟ್ರಿಪ್ 'ಓಪಿಯೇಟ್ ಪಾಸಿಟಿವ್' ಎಂದಿತು. ಅಂದರೆ ಅಫೀಮು, ಮಾರ್ಫಿನ್, ಹೆರಾಯಿನ್ ಗುಂಪಿನ ಯಾವುದೋ ವಸ್ತು ದೇಹದಲ್ಲಿದೆ ಎಂದರ್ಥ. ಬೀಡಿಯನ್ನೂ ಮುಟ್ಟದ ಅಣ್ಣ ದಂಗಾದ. ಹಿಂದಿನ ದಿನ ಕೊಳ್ಳೇಗಾಲದಲ್ಲಿ ಮದುವೆ ಊಟಕ್ಕೆ ಹೋಗಿ ಎರಡು ಲೋಟ ಗಸಗಸೆ ಪಾಯಸ ಕುಡಿದಿದ್ದೇನೆ ಎಂದರೆ ಅಲ್ಲಿದ್ದವರು ನಕ್ಕರಂತೆ. ದೊಡ್ಡ ಪ್ರಯೋಗಾಲಯದ ವರದಿ ಬಂದು ಅವನು ನಿರ್ದೋಷಿ ಎನ್ನಿಸಿಕೊಳ್ಳುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಅಷ್ಟೂ ದಿನ ದೊಡ್ಡಪ್ಪ ಮಗನ ಜೊತೆ ಮಾತಾಡಲಿಲ್ಲ.

ಬಿ.ಇ. ಓದುತ್ತಿರುವ ನನಗೆ ಆಗ ಹುಟ್ಟಿದ ಪ್ರಶ್ನೆ ಒಂದೇ: ಯಂತ್ರ ಸುಳ್ಳು ಹೇಳಿತೇ?

ಇಲ್ಲ. ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಗಿಡದ ಎಳೆಯ ಕಾಯನ್ನು ಗೀರಿದಾಗ ಒಸರುವ ಹಾಲೇ ಅಫೀಮು, ಅದರ ಮುಖ್ಯ ಸತ್ವ ಮಾರ್ಫಿನ್. ಬೀಜ ತಿನ್ನುವುದು ಕಾನೂನುಬಾಹಿರವಲ್ಲ, ಅಮಲೂ ಏರದು. ಆದರೆ ಬೀಜಕ್ಕೆ ಅಂಟಿದ ಹಾಲಿನ ಅಂಶದಲ್ಲಿ ಚೂರು ಮಾರ್ಫಿನ್ ಇರಬಹುದು. ಅದೇ ಮಾರ್ಫಿನ್‌ನಿಂದ 1874ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಲ್ಡರ್ ರೈಟ್ ಮೊದಲ ಬಾರಿಗೆ ತಯಾರಿಸಿದ ವಸ್ತುವನ್ನು 1898ರಿಂದ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿನ ಔಷಧವೆಂದು ಮಾರಿತು. ಅದರ ಹೆಸರೇ ಹೆರಾಯಿನ್.

ಸ್ಟ್ರಿಪ್ ನೋಡುವುದು ಮಾರ್ಫಿನ್ ಗುಂಪನ್ನು ಮಾತ್ರ. ಅದು ಪಾಯಸದಿಂದ ಬಂದದ್ದೋ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನಿಂದಲೋ, ಹೆರಾಯಿನ್‌ನಿಂದಲೋ ಎಂದು ಅದಕ್ಕೆ ತಿಳಿಯದು. ಈ ಕಾರಣಕ್ಕೇ ಅಮೆರಿಕವು 1998ರಲ್ಲಿ ತನ್ನ ಸರ್ಕಾರಿ ನೌಕರರ ಪರೀಕ್ಷೆಯ ಮಿತಿಯನ್ನು ಒಂದು ಮಿಲಿಲೀಟರ್ ಮೂತ್ರಕ್ಕೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು.

ನಿಜವಾದ ಉತ್ತರ ಸಿಗುವುದು ಎರಡನೇ ಹಂತದಲ್ಲಿ. ಗ್ಯಾಸ್ ಕ್ರೊಮ್ಯಾಟೊಗ್ರಫಿ-ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ವಿಧಾನದಲ್ಲಿ ಮಾದರಿಯ ರಾಸಾಯನಿಕಗಳನ್ನು ಮೊದಲು ಬೇರ್ಪಡಿಸಿ, ನಂತರ ಅಣುಗಳನ್ನು ಒಡೆದು, ಚೂರುಗಳ ತೂಕದಿಂದ ಗುರುತಿಸುತ್ತಾರೆ. ಹೆರಾಯಿನ್ ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ 6-ಮೊನೊಅಸಿಟೈಲ್ ಮಾರ್ಫಿನ್ ಆಗಿ, ಬಳಿಕ ಮಾರ್ಫಿನ್ ಆಗಿ ಬದಲಾಗುತ್ತದೆ. ಈ ಮಧ್ಯದ ವಸ್ತು ಸಿಕ್ಕರೆ ಹೆರಾಯಿನ್ ಸೇವಿಸಿದ್ದು ಖಚಿತ. ಎಷ್ಟು ಪಾಯಸ ಕುಡಿದರೂ ಅದು ಹುಟ್ಟುವುದಿಲ್ಲ. ಆದರೆ ಅದು ಮೂತ್ರದಲ್ಲಿ ಉಳಿಯುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ. ಹಾಗಾಗಿ ಅದು ಸಿಗದಿದ್ದ ಮಾತ್ರಕ್ಕೆ ಹೆರಾಯಿನ್ ಸೇವಿಸಿಲ್ಲ ಎನ್ನಲೂ ಆಗದು. ಹಳೆಯ ಸೇವನೆ ತಿಳಿಯಲು ತಲೆಕೂದಲು ಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೂರು ತಿಂಗಳ ಹಿಂದಿನ ಗುರುತೂ ಅದರಲ್ಲಿರುತ್ತದೆ. 2020ರ ಚಂದನವನದ ಡ್ರಗ್ಸ್ ಪ್ರಕರಣದಲ್ಲಿ ಆರೋಪಿಗಳ ಕೂದಲನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳುಹಿಸಿದ್ದು ನೆನಪಿರಬಹುದು. ಅದರ ವರದಿಯ ಸುದ್ದಿ ಬಂದದ್ದು ಮರುವರ್ಷ.

ಪ್ರಯೋಗಾಲಯದ ಬೆಲೆಯನ್ನು ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಮಂದಿ ಸತ್ತಾಗ, ಅದರಲ್ಲಿ ಬೆರೆತದ್ದು ಮಾನೊಕ್ರೋಟೊಫಾಸ್ ಎಂಬ ಕೀಟನಾಶಕ ಎಂದು ಹೇಳಿದ್ದು ಪ್ರಯೋಗಾಲಯವೇ. ಊರಲ್ಲಿ ಹಬ್ಬಿದ ಮಾತಿಗೂ ಪುರಾವೆಗೂ ಇರುವ ಅಂತರವನ್ನು ನಾವು ಆಗ ಕಣ್ಣಾರೆ ಕಂಡೆವು.

ಈಗ ಈ ಮಾತು ಏಕೆ? ಹನೂರು ಕಡೆ ಜೋಳದ ಹೊಲದ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ನಮಗೆ ಹೊಸದಲ್ಲ. ನಾವು ಓದಲು ಹೋಗುವ ಮೈಸೂರಿನಲ್ಲೇ 2025ರ ಜುಲೈನಲ್ಲಿ ಮುಂಬೈ ಪೊಲೀಸರು ಎಂಡಿ ಎಂಬ ಮಾದಕ ವಸ್ತುವಿನ ಪ್ರಕರಣದಲ್ಲಿ ಶೆಡ್ಡೊಂದರ ಮೇಲೆ ದಾಳಿ ಮಾಡಿದರು. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ 1.14ರಷ್ಟು ಜನ ಹೆರಾಯಿನ್ ಬಳಸುತ್ತಾರೆ. ಆತಂಕ ಹೆಚ್ಚಿದಂತೆ ವಿದ್ಯಾರ್ಥಿಗಳನ್ನೆಲ್ಲ ಪರೀಕ್ಷಿಸಿ ಎಂಬ ಕೂಗೂ ಹೆಚ್ಚುತ್ತದೆ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಪರೀಕ್ಷೆಗೆ ಮೊದಲು ಏನು ತಿಂದಿದ್ದೀರಿ, ಯಾವ ಔಷಧ ತೆಗೆದುಕೊಂಡಿದ್ದೀರಿ ಎಂದು ಕೇಳಿ ಬರೆದುಕೊಳ್ಳಲಿ. ಸ್ಟ್ರಿಪ್ ಏನೇ ಹೇಳಲಿ, ಎರಡನೇ ಹಂತದ ವರದಿ ಬರುವ ತನಕ ಯಾರ ಹೆಸರೂ ಹೊರಬೀಳದಿರಲಿ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಅಣ್ಣನ ಜಾಗದಲ್ಲಿ ನಿಜವಾಗಿಯೂ ಹೆರಾಯಿನ್‌ಗೆ ಸಿಕ್ಕಿಬಿದ್ದ ಹುಡುಗನಿದ್ದಿದ್ದರೆ? ಅವನಿಗೆ ಕೆಲಸ ಹೋಗುತ್ತಿತ್ತು, ಮನೆಯವರ ಮಾತು ನಿಲ್ಲುತ್ತಿತ್ತು. ಅವನು ಮತ್ತೆ ಅದೇ ಪುಡಿಯ ಬಳಿಗೇ ಹೋಗುತ್ತಿದ್ದ. ವಸ್ತು ದೇಹದಲ್ಲಿದೆಯೇ ಎಂಬುದನ್ನು ಯಂತ್ರ ಹೇಳಬಲ್ಲದು, ಮನುಷ್ಯ ಏಕೆ ಅದಕ್ಕೆ ಬಿದ್ದ ಎಂಬುದನ್ನಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವೇ. ಆದರೂ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅದರ 64ಎ ಕಲಮಿನಲ್ಲಿ ವಿಚಾರಣೆಯಿಂದ ರಕ್ಷಣೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಬುಪ್ರೆನಾರ್ಫಿನ್‌ನಂಥ ಔಷಧಗಳಿಂದ ಹೆರಾಯಿನ್ ಹಂಬಲವನ್ನು ಹತೋಟಿಗೆ ತರಬಹುದು. ಸಹಾಯವಾಣಿ 14446ಕ್ಕೆ ಹಣ ಕೊಡಬೇಕಿಲ್ಲ.

ಜೂನ್ 26ರಂದು ಕಾಲೇಜಿನಲ್ಲಿ ಕೈ ಚಾಚಿ ಪ್ರತಿಜ್ಞೆ ಮಾಡುವಾಗ ಇವನ್ನೂ ಹೇಳಿಕೊಟ್ಟರೆ ಒಳ್ಳೆಯದು. ಅಣ್ಣ ಈಗ ಕೆಲಸದಲ್ಲಿದ್ದಾನೆ, ದೊಡ್ಡಪ್ಪ ಮೊದಲಿನಂತೆ ಮಾತಾಡುತ್ತಾರೆ. ಆದರೆ ಆ ಹದಿನೈದು ದಿನಗಳ ಬಗ್ಗೆ ಇಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ.