ಪಹಣಿಗೆ ಮುಂಚೆ ಒಂದು ವರ್ಷದ ಕೂಲಿ

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಎರಡೆಕರೆ ತೋಟ, ಒಂದು ಹಸು, ಸ್ವಂತ ಬಾವಿ, ಮನೆಗೆ ಬೇಕಾದ ತರಕಾರಿ ಎಂದು ಕನಸು ಕಾಣುವ ನಗರದವರಿಗೆ ಇದರಿಂದ ದಾರಿ ಸಲೀಸಾಯಿತು. ಆದರೆ ಕಾನೂನು ಪಹಣಿಯಲ್ಲಿ ಹೆಸರು ಕೂರಿಸಬಲ್ಲದೇ ಹೊರತು ಕೈಗೆ ಕಸುಬು ಕೊಡಲಾರದು. ಇಂಥವರು ಉಳಿತಾಯದ ಹಣವನ್ನು ಬ್ಯಾಂಕಿನಲ್ಲೇ ಬಿಟ್ಟು, ಮೊದಲು ಒಂದು ವರ್ಷ ಹಂಗಾಮಿಗೆ ತಕ್ಕಂತೆ ಬೇರೆಯವರ ತೋಟದಲ್ಲಿ ಕೂಲಿ ಮಾಡುವುದು ಲೇಸು ಎಂಬುದು ನನ್ನ ವಾದ.

ಮಲೆನಾಡಿನ ಒಂದು ವರ್ಷವನ್ನೇ ನೋಡಿ. ಕೊಳೆರೋಗ ತಡೆಯಲು ಮುಂಗಾರಿಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಅಡಿಕೆಗೆ ಬೋರ್ಡೋ ಹೊಡೆಯಬೇಕು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಯಾರಿಗಾದರೂ ಗೊತ್ತಾಗುತ್ತದೆ. ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ, ಅಲಗು ಕೆಂಪಾದರೆ ಸುಣ್ಣ ಸಾಲದೆಂದು ತಿಳಿಯುವುದು, ಮಳೆ ಬಿಡುವು ಕೊಟ್ಟ ಎರಡು ತಾಸಿನಲ್ಲಿ ಕೆಲಸ ಮುಗಿಸುವುದು ಬ್ಯಾರಲ್ ಪಕ್ಕ ನಿಂತವರಿಗಷ್ಟೇ ಬರುವ ವಿದ್ಯೆ. ಮಳೆಗಾಲ ಕಳೆದರೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಅದರ ಬೆನ್ನಿಗೇ ಕಾಫಿ ಹಣ್ಣು ಬಿಡಿಸುವ ಕೆಲಸ. ಮಂಡ್ಯದ ಕಡೆಗೆ ಹೋದರೆ ಆಲೆಮನೆ; ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆಲ್ಲದ ಹದ ನೋಡುವುದು ಅಲ್ಲಿ ನಿತ್ಯದ ಪಾಠ. ಇದರ ನಡುವೆ ಎರಡು ತಿಂಗಳು ಮೋಟಾರ್ ರಿಪೇರಿಯವನ ಬಳಿಯೋ ಗಾರೆ ಮೇಸ್ತ್ರಿಯ ಕೈಕೆಳಗೋ ದುಡಿದರೆ ಲಾಭ ದುಪ್ಪಟ್ಟು. ಮೂರು ಫೇಸ್‌ನಲ್ಲಿ ಒಂದು ಕೈಕೊಟ್ಟಾಗ ಪಂಪ್ ಓಡಿಸಿದರೆ ವೈಂಡಿಂಗ್ ಸುಡುತ್ತದೆ ಎಂಬುದು ಮೊದಲೇ ಗೊತ್ತಿದ್ದವರ ಬೆಳೆ ಬೇಸಿಗೆಯಲ್ಲಿ ಒಣಗುವ ಭಯ ಕಡಿಮೆ.

ತರಬೇತಿ ಶಿಬಿರಗಳಿವೆ, ಯೂಟ್ಯೂಬ್ ಇದೆ, ಕೂಲಿಯೇ ಏಕೆ ಎಂದು ಕೇಳಬಹುದು. ಶಿಬಿರಗಳಿಗೆ ಅವುಗಳದೇ ಬೆಲೆಯಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿ ಯಂತ್ರ ಕಟ್ಟಿಕೊಂಡು ಮರ ಹತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಸುತ್ತದೆ. ಆದರೆ ಯಾವ ಗೊನೆ ಬಲಿತಿದೆ, ಯಾವುದು ಇನ್ನೊಂದು ತಿಂಗಳು ಇರಬೇಕು ಎಂಬ ಕಣ್ಣು ನೂರಾರು ಮರ ಹತ್ತಿದ ಮೇಲೇ ತೆರೆಯುವುದು. ಶಿಬಿರದಲ್ಲಿ ತಪ್ಪಿದರೆ ನಷ್ಟವಿಲ್ಲ. ಕೂಲಿಗೆ ನಿಂತಲ್ಲಿ ಯಜಮಾನ ಸಂಜೆ ಲೆಕ್ಕ ಕೇಳುತ್ತಾನೆ. ಕಲಿಕೆ ಗಟ್ಟಿಯಾಗುವುದು ಆ ಲೆಕ್ಕದಿಂದಲೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹೊಟ್ಟೆಪಾಡಿಗೆ ಕೂಲಿ ಮಾಡುವವರ ಕೆಲಸವನ್ನು ಉಳ್ಳವರು ಕಲಿಕೆಯ ಹೆಸರಲ್ಲಿ ಕಸಿಯುವುದು ಸರಿಯೇ? ಸರಿಯಲ್ಲ. ಆದ್ದರಿಂದ ಬಿಟ್ಟಿ ದುಡಿಮೆ ಬೇಡ. ಬಿಟ್ಟಿ ಕೈಗಳು ಬಂದಲ್ಲಿ ಊರಿನ ಕೂಲಿ ದರ ಬೀಳುತ್ತದೆ. ಕೊಯ್ಲಿನಲ್ಲಿ ಆಳು ಸಿಗದ ಕಡೆಗೇ ಹೋಗಬೇಕು, ಊರಿನ ದರವನ್ನೇ ಪಡೆಯಬೇಕು, ಕಲಿಸಿದ ಹಿರಿಯ ಕೆಲಸಗಾರರನ್ನು ಗುರುವೆಂದು ಒಪ್ಪಬೇಕು. ವಯಸ್ಸಾದವರಿಗೆ, ಮೈ ಬಗ್ಗದವರಿಗೆ ಇದು ಆಗದು ಎನ್ನುವುದೂ ನಿಜ. ಆದರೆ ತನ್ನ ಮೈಯ ಮಿತಿ ಕ್ರಯಪತ್ರವಾದ ಮೇಲೆ ಗೊತ್ತಾಗುವುದಕ್ಕಿಂತ ಮುಂಚೆಯೇ ಗೊತ್ತಾಗುವುದು ಒಳ್ಳೆಯದಲ್ಲವೇ? ಮರ ಹತ್ತಲಾಗದವರು ಸುಲಿಯುವ ಚಪ್ಪರದಲ್ಲಿ ಕೂರಲಿ, ಕೊಟ್ಟಿಗೆ ನೋಡಿಕೊಳ್ಳಲಿ.

‘ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ಯಜಮಾನರು ಆಳುಗಳ ಮೇಲೆ ಹೊರಿಸುತ್ತ ಬಂದಿದ್ದಾರೆ. ಒಂದು ವರ್ಷ ಆಳಾಗಿ ದುಡಿದವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಎಷ್ಟು ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕೂಲಿ ನ್ಯಾಯ ಎಂಬುದು ಅವರಿಗೆ ಬೆನ್ನುನೋವಿನಿಂದಲೇ ತಿಳಿದಿರುತ್ತದೆ. ಜಮೀನು ಹುಡುಕುತ್ತಿರುವವರು ದಲ್ಲಾಳಿಗೆ ಫೋನ್ ಮಾಡುವ ಮುಂಚೆ, ಈ ಕೊಯ್ಲಿಗೆ ಆಳು ಬೇಕಾದ ತೋಟ ಎಲ್ಲಿದೆ ಎಂದು ವಿಚಾರಿಸಲಿ.